ಹೊಳಿಯಮ್ಮ ಹೇಳದ ಹೆಸರು

“ಇವತ್ತು ಯಾವ ವಾರ, ಅಜ್ಜಿ?” ಎಂದು ಡಾಕ್ಟರು ಕೇಳಿದ್ದೇ ತಡ, ಹೊಳಿಯಮ್ಮನಿಗಿಂತ ಮೊದಲು ಅವಳ ಗಂಡ ಗ್ಯಾನಪ್ಪ ಬಾಯಿ ಹಾಕಿದ. “ಮಂಗಳವಾರ್ರಿ. ಆಕಿಗೂ ಗೊತ್ತೈತ್ರಿ.”

“ನೀವು ಹೇಳಿಕೊಡಬಾರದು, ಅಜ್ಜಾ.”

“ಹೇಳಿಕೊಡಾಕತ್ತಿಲ್ರಿ. ಮನಸಿನಾಗ ಅನ್ಕೊಂಡೆ, ಅದು ಹೊರಗ ಬಂತು.”

ಹಿಟ್ನಾಳದ ಶಾಲೆಯ ಕೋಣೆಯಲ್ಲಿ ಅಂದು ವಯಸ್ಸಾದವರ ಮರೆವಿನ ತಪಾಸಣೆ. ಡಾಕ್ಟರು ಮೈಸೂರು ಕಡೆಯ ಹುಡುಗ, ಬಂದು ಇನ್ನೂ ತಿಂಗಳಾಗಿರಲಿಲ್ಲ. ಗ್ಯಾನಪ್ಪ ದಾರಿಯುದ್ದಕ್ಕೂ ಹೆಂಡತಿಗೆ ವಾರ, ತಿಂಗಳು ಬಾಯಿಪಾಠ ಮಾಡಿಸಿಕೊಂಡೇ ಕರೆತಂದಿದ್ದ. ಇದು ರೋಗವಲ್ಲ, ವಯಸ್ಸಿನ ಮರೆವು ಅಂತ ಡಾಕ್ಟರ ಬಾಯಿಂದ ಒಮ್ಮೆ ಕೇಳಿಸಿಕೊಂಡರೆ ಸಾಕಿತ್ತು ಅವನಿಗೆ. ಯಾಕೆಂದರೆ ಹೋದ ವಾರ ಹೊಲದಿಂದ ಬಂದವನನ್ನು ಅವಳು ಬಾಗಿಲಲ್ಲೇ ನಿಲ್ಲಿಸಿ, “ಯಾರು ಬೇಕಾಗಿತ್ರಿ?” ಎಂದಿದ್ದಳು. ಕಣ್ಣು ಮಂಜಾಗಿರಬೇಕು ಎಂದುಕೊಂಡು ಆ ಮಾತನ್ನು ಅವನು ಯಾರ ಮುಂದೂ ಆಡಿರಲಿಲ್ಲ.

“ಮುಂಜಾನೆ ಏನು ತಿಂದ್ರಿ, ಅಜ್ಜಿ?”

“ಮಾಡಿದವ್ರನ್ನ ಕೇಳ್ರಿ. ತಿಂದವ್ರಿಗೆ ಏನ್ ಗೊತ್ತು?”

“ಈಗ ಯಾವ ತಿಂಗಳು?”

“ಕ್ಯಾಲೆಂಡರ್ ನಿನ್ನ ಬೆನ್ನಿಗೇ ಐತಲ್ಲೋ ತಮ್ಮಾ. ತಿರುಗಿ ನೋಡು.”

ನರ್ಸ್ ನೇತ್ರಾವತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಡಾಕ್ಟರೂ ನಕ್ಕರು, ಆದರೆ ಕಾಗದದ ಮೇಲೆ ಎರಡು ತಪ್ಪು ಗುರುತು ಹಾಕಿಯೇ ನಕ್ಕರು. “ಹೋಗಲಿ, ನಿಮ್ಮ ಯಜಮಾನರ ಹೆಸರೇನು?”

ಹೊಳಿಯಮ್ಮ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತ ಕುಳಿತಳು. ಡಾಕ್ಟರು ಮೂರು ಸಲ ಕೇಳಿದರು. ಕೊನೆಗೆ ನಿಟ್ಟುಸಿರು ಬಿಟ್ಟು ಮತ್ತೊಂದು ತಪ್ಪು ಗುರುತು ಹಾಕಿದರು.

ಗ್ಯಾನಪ್ಪ ಬೆಂಚು ಬಿಟ್ಟು ಎದ್ದೇಬಿಟ್ಟ. “ಅದನ್ನ ಅಳಸ್ರಿ ಸಾಹೇಬ್ರ! ಐವತ್ತು ವರ್ಷ ಬಾಳೇವು ಮಾಡ್ಯಾಳ, ಒಂದಿನ ನನ್ನ ಹೆಸರು ಹಿಡಿದು ಕರೆದಿಲ್ಲ. ರೇಷನ್ ಕಾರ್ಡಿಗೆ ಬರಸಾಕ ಹೋದಾಗ್ಲೂ ಬಾಜೂದಾಕಿ ಕಡೆ ಹೇಳಿಸ್ಯಾಳ. ಇದು ಮರೆವಲ್ರಿ, ಮರ್ಯಾದಿ!”

“ಹಾಗಾದರೆ ನೆನಪಿದೆ ಅಂತ ನನಗೆ ಗೊತ್ತಾಗೋದು ಹೇಗೆ?”

“ನಾ ಕೇಳ್ತೀನಿ ತಡೀರಿ ಸರ್,” ಎಂದಳು ನೇತ್ರಾವತಿ. ಅವಳು ಕುಷ್ಟಗಿಯವಳು, ಈ ಕಡೆಯ ರೂಢಿ ಬಲ್ಲವಳು. ಹೊಳಿಯಮ್ಮನ ಪಕ್ಕದಲ್ಲಿ ಕುಳಿತು ಭುಜಕ್ಕೆ ಭುಜ ತಾಗಿಸಿದಳು. “ಅಮ್ಮಾರ, ಮದಿವ್ಯಾಗ ಹೊಸ್ತಿಲ ದಾಟೋಮುಂದ ಹೇಳಿದ್ರಲ್ಲಾ, ಗಂಡನ ಹೆಸರು ಕೂಡಿಸಿ ಅಂಥಾದೊಂದು ಒಡಪ ಹೇಳ್ರಿ ನೋಡೂನು. ಹೆಸರು ಹೇಳೂಮಟ ಒಳಗ ಬಿಡೂದಿಲ್ಲ ಮತ್ತ.”

ಹೊಳಿಯಮ್ಮನ ಮುಖ ಹದಿನಾರರ ಹುಡುಗಿಯದಾಯಿತು. ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು, ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ಎಲ್ಲೂ ತಡವರಿಸದೆ ರಾಗವಾಗಿ ಹೇಳಿದಳು:

“ಹೊಳಿಗೆ ಬೇಕು ತೆಪ್ಪ, ರೊಟ್ಟಿಗೆ ಬೇಕು ತುಪ್ಪ, ಸಿಟ್ಟು ಬಂದ್ರೂ ನಕ್ಕಬಿಡ್ತಾರ ನಮ್ಮ ಗ್ಯಾನಪ್ಪ!”

ಸರದಿಗೆ ಕುಳಿತ ಮುದುಕಿಯರೆಲ್ಲ ಚಪ್ಪಾಳೆ ತಟ್ಟಿದರು. ಡಾಕ್ಟರು ತಪ್ಪು ಗುರುತು ಹೊಡೆದುಹಾಕಿ ಸರಿ ಗುರುತು ಹಾಕಿದರು. “ನೋಡಿದ್ರ್ಯಾ? ಪಾಸ್!” ಎಂದು ಗ್ಯಾನಪ್ಪ ಮೀಸೆ ಒರೆಸುವ ನೆಪದಲ್ಲಿ ಕಣ್ಣೂ ಒರೆಸಿಕೊಂಡ.

ಅಷ್ಟರಲ್ಲಿ ಹೊಳಿಯಮ್ಮ ನೇತ್ರಾವತಿಯ ತೋಳು ಜಗ್ಗಿದಳು. ಪಿಸುಮಾತೆಂದು ಅವಳು ಆಡಿದ್ದು ಇಡೀ ಕೋಣೆಗೆ ಕೇಳಿಸಿತು.

“ಏನವಾ ನೀನು, ಆ ಮುದುಕನ್ನ ಹೊರಗ ಕಳಿಸಿ ಕೇಳಬಾರದ? ಪರಗಂಡಸಿನ ಎದುರಿಗೆ ಒಡಪ ಹೇಳಿಸಿಬಿಟ್ಟಿ. ನಮ್ಮವ್ರಿಗೆ ಗೊತ್ತಾದ್ರ ಏನಂದಾರು?”

ಚಪ್ಪಾಳೆ ತಟ್ಟಿದ ಕೈಗಳು ಅಲ್ಲಲ್ಲೇ ನಿಂತವು. ಡಾಕ್ಟರು ಪೆನ್ನು ಕೆಳಗಿಟ್ಟರು. ಗ್ಯಾನಪ್ಪ ತಲೆಯ ರುಮಾಲು ಸರಿಮಾಡಿಕೊಂಡು, ಪರರ ಮನೆಯ ಹೆಣ್ಣುಮಗಳೆದುರು ನಿಲ್ಲುವಂತೆ ನಾಲ್ಕು ಹೆಜ್ಜೆ ಹಿಂದೆ ಸರಿದ.

“ಅಂಜಬ್ಯಾಡ್ರಿ ಯವ್ವಾ,” ಎಂದ, “ನಾ ಅವಗ ಹೇಳೂದಿಲ್ಲ.”