ಹಗೇವಿನ ಕಾವು

ಅಂಗಳದ ಹಗೇವಿನ ಚಪ್ಪಡಿಗೆ ನಜೀರಸಾಬ ಹಾರೆ ಹಾಕಿದ ಸದ್ದಿಗೆ ಹೆಂಡತಿ ರೋಶನಬಿ ಅಡುಗೆ ಬಿಟ್ಟು ಓಡಿ ಬಂದಳು. ನೆಲದೊಳಗಿನ ಆ ಕಣಜದಲ್ಲಿ ಮನೆಯ ವರ್ಷದ ಜೋಳವಿತ್ತು. ಒಮ್ಮೆ ಬಾಯಿ ತೆರೆದರೆ ಅಷ್ಟನ್ನೂ ಅವತ್ತೇ ಹೊರಗೆ ತೆಗೆಯಬೇಕು, ಇಲ್ಲವಾದರೆ ಹುಳ ಬೀಳುತ್ತದೆ. ಬೆಳ್ಳಟ್ಟಿಯಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು.

“ಮನ್ಯಾಗ ಖಾಲಿ ಚೀಲ ಒಂದೂ ಇಲ್ಲ. ಇವತ್ತ ಯಾಕ ತೆಗಿಯಾಕತ್ತೀರಿ?”

“ಬಾಯಾರಿಗೆ ನೆಲದಾಗಿನ ತಂಪು ತೋರಸ್ಬೇಕು. ನೀ ಸುಮ್ಮನಿರು.”

ಬಾಯಾರು ಎಂದರೆ ಪ್ರಿಯಾ. ಬೆಟಗೇರಿಯ ನೇಕಾರರ ಮನೆಯ ಹುಡುಗಿ, ಈಗ ಡೇಟಾ ಸೆಂಟರ್ ಕಟ್ಟುವ ಕಂಪನಿಯೊಂದರ ಎಂಜಿನಿಯರ್. ಲೋಕದ ಮಂದಿ ಮೊಬೈಲಿನಲ್ಲಿ ತೆಗೆದ ಫೋಟೊ, ಆಡಿದ ಮಾತು, ಬ್ಯಾಂಕಿನ ಲೆಕ್ಕ ಎಲ್ಲವನ್ನೂ ಕಾಯ್ದಿಡುವ ಯಂತ್ರಗಳ ಮನೆ ಅದು. ಜಾಗ ನೋಡಲು ಬಂದವಳು ನಜೀರಸಾಬನ ಹೊಲದ ಸುತ್ತ ಕರೆಂಟಿನ ಗಾಳಿಯಂತ್ರಗಳು ತಿರುಗುವುದನ್ನು ಕಂಡು ಹಿಗ್ಗಿದ್ದಳು. ಆಮೇಲೆ ಹಣೆಯ ಬೆವರು ಒರೆಸಿಕೊಂಡು, “ಯಂತ್ರಕ್ಕ ತಂಪು ಬೇಕ್ರಿ ಕಾಕಾ. ಇಲ್ಲೆ ಆಗಲಿಲ್ಲಂದ್ರ ಸ್ವೀಡನ್ ದೇಶದಾಗ ಕಟ್ಟತಾರ” ಎಂದುಬಿಟ್ಟಿದ್ದಳು. ನಜೀರಸಾಬನ ಎದೆ ಧಸಕ್ಕೆಂದಿತ್ತು. ಮಗಳು ರುಹಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕುಳಿತಿದ್ದಳು. ಆ ಯಂತ್ರಗಳ ಮನೆ ತನ್ನ ಹೊಲದಲ್ಲೇ ಎದ್ದರೆ ಅವಳು ನಡೆದುಕೊಂಡೇ ಕೆಲಸಕ್ಕೆ ಹೋಗಬಹುದೆಂದು ಆಗಲೇ ಓಣಿಗೆಲ್ಲ ಹೇಳಿಕೊಂಡು ಬಂದಿದ್ದ.

ಚಪ್ಪಡಿ ಜರುಗಿತು. ಅಂಗಳದ ಅಂಚಿನಲ್ಲಿ ನಿಂತಿದ್ದ ಪ್ರಿಯಾಳಿಗೆ “ಬರ್ರಿ, ಕೈ ಇಟ್ಟು ನೋಡ್ರಿ, ಎಷ್ಟ ತಂಪ...” ಎನ್ನುವಷ್ಟರಲ್ಲಿ ಒಳಗಿನ ಧಗೆ ಮುಖಕ್ಕೆ ರಪ್ಪನೆ ಬಡಿದು ಅವನ ಕನ್ನಡಕ ಮಬ್ಬಾಯಿತು. ಜೋಳ ಒಳಗೇ ಉಸಿರಾಡಿ ಕಾವು ಕಟ್ಟುತ್ತದೆ. ಆ ಹಬೆಯೆಲ್ಲ ಹೋಗಿ, ಇಳಿಬಿಟ್ಟ ದೀಪ ಆರದೆ ಉರಿದರೆ ಮಾತ್ರ ಆಳು ಇಳಿಯಬೇಕು. ಹೀಗೆಂದು ಊರಿಗೆಲ್ಲ ಬುದ್ಧಿ ಹೇಳುವವನು ಇವನೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ. ರೋಶನಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡು ಚೀಲ ಕೇಳಲು ನೆರೆಮನೆಗೆ ಹೋದಳು.

ಪ್ರಿಯಾ ನಗಲಿಲ್ಲ. ದೂರದಿಂದಲೇ ಆ ಕಾವಿಗೆ ಅಂಗೈ ಹಿಡಿದಳು.

“ನಮ್ಮ ಯಂತ್ರಗೋಳೂ ಹಿಂಗ ಕಾಕಾ. ಹಗಲೂ ರಾತ್ರಿ ಕಾವು ಬಿಡ್ತಾವ.”

“ಮತ್ತ ಆ ದೇಶದಾಗ ಏನ ಮಾಡ್ತಾರ?”

“ಅಲ್ಲೆ ಹೊಳಿ ನೀರಿಂದ, ಗಾಳಿಯಿಂದ ಕರೆಂಟು. ಹೊರಗ ಹಿಮ ಬಿದ್ದಿರ್ತೈತಿ. ಆ ಥಂಡಿ ಗಾಳಿನ ಒಳಗ ಬಿಟ್ಟಕೊಂಡು ಯಂತ್ರ ಆರಸ್ತಾರ. ಯಂತ್ರದ ಕಾವಿನಿಂದ ನೀರ ಕಾಸಿ, ಪೈಪಿನ್ಯಾಗ ಊರ ಮನಿ ಮನಿಗೆ ಕಳಸ್ತಾರ. ಮುದುಕರು, ಕೂಸುಗೋಳು ಬೆಚ್ಚಗ ಮಲಗತಾರ.”

ನಜೀರಸಾಬ ಕನ್ನಡಕ ಒರೆಸುವುದನ್ನೇ ಮರೆತ. “ಯಂತ್ರ ಬಿಟ್ಟ ಉಸಿರು ಸುದ್ದಾ ಹಾಳ ಮಾಡೂದಿಲ್ಲೇನ್ರಿ ಆ ಮಂದಿ?” ಎಂದ. ಕಂಡು ಕೇಳದ ಆ ಊರಿನವರ ಮೇಲೆ ಒಮ್ಮೆಲೇ ಗೌರವ ಉಕ್ಕಿತು. ಕೆಳಗೆ ಬಿದ್ದ ಜೋಳದ ಕಾಳನ್ನು ಆಯ್ದು ಕಣ್ಣಿಗೊತ್ತಿಕೊಳ್ಳುವ ಮನೆತನ ಅವನದು. ಎಂಥ ಶಾಣ್ಯಾ ಜನ, ಎಂಥ ಒಳ್ಳೆಯ ಜನ ಅನ್ನಿಸಿತು.

“ನಮ್ಮ ಕಡೆ ಬರಲಿ ಅಂತ ನನಗೂ ಆಸೆ ಐತ್ರಿ,” ಪ್ರಿಯಾ ಮೆಲ್ಲಗೆ ಹೇಳಿದಳು. “ಆದ್ರ ಇಲ್ಲೆ ಯಂತ್ರ ಆರಸಾಕ ನಿಮ್ಮ ಬೋರಿನ ನೀರು ಬೇಕಾಗ್ತೈತಿ. ನೀವು ಹ್ಞೂ ಅಂದ್ರ, ಬೆಳ್ಳಟ್ಯಾಗ ಆಗಲಿ ಅಂತ ನಾ ಗಟ್ಟಿಯಾಗಿ ಹೇಳ್ತೀನಿ.”

ಬೇಸಿಗೆಯಲ್ಲಿ ಅರ್ಧ ಓಣಿಯ ಕೊಡ ತುಂಬುವುದು ಆ ಬೋರಿನಿಂದಲೇ. ನಜೀರಸಾಬ ಮಗಳ ಮುಖ ನೋಡಿದ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ರುಹಿ ಕಣ್ಣು ಕೆಳಗಿಳಿಸಿದಳು. ಹ್ಞೂ ಎನ್ನುವುದು ಅವನ ನಾಲಗೆಯ ತುದಿಗೇ ಬಂದಿತ್ತು.

“ಅಲ್ಲೇ ಕಟ್ಟಲಿ ಬಾಯಾರ,” ಎಂದ. “ಇಲ್ಲೆ ತಂದ್ರ ನಮ್ಮೂರ ನೀರೂ ಹೋತು, ಅವರೂರ ಕಾವೂ ಹೋತು.”

ರುಹಿ ಒಳಗೆ ಹೋಗಿ ದೀಪ ತಂದು, ಹಗೇವಿಗೆ ಇಳಿಬಿಡಲು ಹಗ್ಗ ಕಟ್ಟತೊಡಗಿದಳು.

ಪ್ರಿಯಾಳ ಜೀಪು ಹೋದ ಮೇಲೆ ರೋಶನಬಿ ಚೀಲಗಳನ್ನು ಹೊತ್ತು ಬಂದಳು. ಮೇ ತಿಂಗಳ ಉರಿಬಿಸಿಲಿನಲ್ಲಿ ಗಂಡ ಹಗೇವಿನ ಬಾಯಿಗೆ ಎರಡೂ ಕೈ ಚಾಚಿ ಕುಳಿತಿದ್ದ.

“ಇಂಥಾ ಬಿಸಲಾಗ ಕೈ ಕಾಸಾಕತ್ತೀರಲ್ಲ, ತಲಿ ನೆಟ್ಟಗೈತೇನ್ರಿ?”

“ನೋಡಾಕತ್ತೀನಿ,” ಎಂದ ನಜೀರಸಾಬ, “ಆ ಥಂಡಿ ಊರಾಗಿನ ಕೂಸಿಗೆ ಇದು ಎಷ್ಟ ಹಿತ ಆಗ್ತಿರಬೇಕು ಅಂತ.”