ಬಾಯಿ ತುಂಬ ನೀರು

ಪಂದ್ಯದ ದಿನ ಬೆಳಿಗ್ಗೆ ಮಗಳು ಬೂಟಿನ ದಾರ ಕಟ್ಟುತ್ತ, ತಲೆ ಎತ್ತದೆ ಹೇಳಿದಳು: "ಅಪ್ಪಾ, ನೀನಿವತ್ತು ಬರ್ಬೇಡ. ನೀನು ಬಂದು ಕೂಗಿದ್ರೆ ನಾನು ಟೀಮೇ ಬಿಟ್ಬಿಡ್ತೀನಿ."

ಅಂಗಿಯ ಗುಂಡಿ ಹಾಕುತ್ತಿದ್ದ ಅಪ್ಪನ ಕೈ ಅಲ್ಲೇ ನಿಂತಿತು. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಅಲ್ಲಿ ಎಲ್ಲರೂ ಅವನನ್ನು ಮೈಕು ಎಂದೇ ಕರೆಯುವುದು. ಹೋದ ಪಂದ್ಯದಲ್ಲಿ ಅದೇ ಗಂಟಲಿನಿಂದ, ಗೋಲು ಕಾಯುತ್ತಿದ್ದ ಮಗಳಿಗೆ ಎಡಕ್ಕೆ ಹೋಗು, ಮುಂದೆ ಬಾ, ನಿನಗೇನು ಕಣ್ಣಿಲ್ಲವೇ ಎಂದು ಕೂಗಿದ್ದ. ಸಾಲದ್ದಕ್ಕೆ ಮನೆಗೆ ಬರುವ ದಾರಿಯುದ್ದಕ್ಕೂ ಅವಳ ತಪ್ಪುಗಳನ್ನು ಬಿಡಿಸಿ ಬಿಡಿಸಿ ಹೇಳಿದ್ದ. ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ಅವನ ಎಣಿಕೆ.

"ಕೂಗಲ್ಲ ಕಣೇ."

"ಹೋದ್ಸಲಾನೂ ಹಿಂಗೇ ಅಂದಿದ್ದೆ. ನೀನು ಕೂಗಿದ್ರೆ ನಂಗೆ ಚೆಂಡೇ ಕಾಣಲ್ಲ ಅಪ್ಪಾ, ನೀನೇ ಕಾಣ್ತೀಯ."

ಈ ಬಾಯಿಗೆ ಬೀಗ ಮಾಡುವವರು ಇನ್ನೂ ಹುಟ್ಟಿಲ್ಲ ಎಂದು ಅಮ್ಮ ಒಳಗಿನಿಂದಲೇ ನಕ್ಕಳು. ಅಪ್ಪ ಒಳಗೆ ಹೋಗಿ ಒಂದು ದೊಡ್ಡ ಬಾಟಲಿಗೆ ನೀರು ತುಂಬಿಸಿಕೊಂಡು ಬಂದ. ಗಂಟಲು ಕಟ್ಟಿದ ದಿನ ಹರಾಜಿನವರು ಮಾಡುವ ಉಪಾಯ ಅದು. ಬಾಯಿ ತುಂಬ ನೀರು ಹಿಡಿದು ಕೂತರೆ ಮರೆತೂ ಮಾತು ಹೊರಡುವುದಿಲ್ಲ. ಮಗಳು ಬಾಟಲಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಆಗಲಿ ಎನ್ನುವಂತೆ ಚೀಲ ಹೆಗಲಿಗೇರಿಸಿದಳು.

ಮೈದಾನದ ಬೇಲಿಯ ಪಕ್ಕ ಅಪ್ಪ ಕೆನ್ನೆ ಉಬ್ಬಿಸಿಕೊಂಡು ನಿಂತ. ಪಕ್ಕದವರೊಬ್ಬರು ಹಲ್ಲುನೋವೇ ಎಂದು ವಿಚಾರಿಸಿದಾಗ ಹೌದೆಂದು ತಲೆಯಾಡಿಸಿದ. ಅಷ್ಟರಲ್ಲೇ ಮೊದಲ ಗೋಲು ಹೋಯಿತು. ಒಂದೇ ಒಂದು ಹೆಜ್ಜೆ ಮುಂದೆ ಬಂದಿದ್ದರೆ ಸಿಗುತ್ತಿತ್ತು. ಅಪ್ಪನ ಕಣ್ಣಲ್ಲಿ ನೀರು ಬಂತು, ಬಾಯಿಂದ ಬರಲಿಲ್ಲ. ಮಗಳು ಅಭ್ಯಾಸಬಲದಿಂದ ಹೆಗಲು ಕುಗ್ಗಿಸಿ ಬೇಲಿಯ ಕಡೆ ತಿರುಗಿದಳು. ಅಲ್ಲಿ ಎರಡು ಊದಿದ ಕೆನ್ನೆ, ಅಗಲಿಸಿದ ಕಣ್ಣು, ಚಪ್ಪಾಳೆ ತಟ್ಟುವ ಎರಡು ಕೈ. ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವಳು ಇತ್ತ ನೋಡಲೇ ಇಲ್ಲ, ಚೆಂಡನ್ನಷ್ಟೇ ನೋಡಿದಳು. ನಾಲ್ಕು ತಡೆದಳು, ಇನ್ನೊಂದು ಬಿಟ್ಟಳು. ಎರಡು ಗೋಲಿನಿಂದ ಸೋತರು.

ಮೈದಾನದ ಬಾಗಿಲಲ್ಲಿ ಅಪ್ಪ ಬಾಟಲಿಯ ಕೊನೆಯ ಗುಟುಕನ್ನು ಬಾಯಿಗೆ ತುಂಬಿಕೊಂಡ.

"ಆಟ ಮುಗೀತಲ್ಲಪ್ಪಾ, ನುಂಗು ಇನ್ನು."

ಅವನು ಇಲ್ಲವೆಂದು ತಲೆಯಾಡಿಸಿ, ಮನೆಯ ದಾರಿಯತ್ತ ಬೆರಳು ತೋರಿಸಿದ.

ಇಬ್ಬರೂ ದರ್ಜಿಯ ಅಂಗಡಿ ದಾಟಿದರು. ತಿರುವಿನಲ್ಲಿ ಮಗಳೇ ಮೆಲ್ಲಗೆ ಬಾಯಿಬಿಟ್ಟಳು. "ಮೊದಲ್ನೇದು ನಂದೇ ತಪ್ಪು. ಒಂದು ಹೆಜ್ಜೆ ಮುಂದೆ ಬರ್ಬೇಕಿತ್ತು." ಅಪ್ಪನಿಗೆ ಬಾಯಲ್ಲಿದ್ದ ನೀರು ನೆತ್ತಿಗೆ ಹತ್ತುವುದರಲ್ಲಿತ್ತು, ಹೇಗೋ ತಡೆದುಕೊಂಡ. ಅವಳು ಮುಂದುವರಿಸಿದಳು: ಎದುರಿನ ತಂಡದ ಉದ್ದ ಜಡೆಯ ಹುಡುಗಿ ಒದೆಯುವ ಮೊದಲು ನೆಲ ನೋಡುವುದು, ಶಿಳ್ಳೆ ಕೇಳಿದಾಗ ತನ್ನ ಮೊಣಕಾಲು ನಡುಗುವುದು, ಆ ನಡುಕವನ್ನು ಇದುವರೆಗೆ ಯಾರಿಗೂ ಹೇಳದೆ ಇದ್ದದ್ದು.

ಮನೆ ಬಂತು. ಅವಳ ಮಾತು ಮುಗಿದಿರಲಿಲ್ಲ. ಅಪ್ಪ ಗೇಟು ತೆಗೆಯಲಿಲ್ಲ. ಕೆನ್ನೆ ಉಬ್ಬಿಸಿಕೊಂಡೇ ಮುಂದಿನ ಬೀದಿಗೆ ತಿರುಗಿದ.