ಹುಲಿಯ ಎಡಗಣ್ಣು

“ಆ ವೀಡಿಯೊ ಇವತ್ತೇ ತೆಗೀಬೇಕು,” ಎಂದು ರುಕ್ಮಾನ ಬಾಗಿಲಲ್ಲಿ ನಿಂತೇ ಹೇಳಿದ. ಅವನ ಒಂದು ಕೈಯಲ್ಲಿ ಬಿಸಿ ಸುರಾಬಿ ರೊಟ್ಟಿಯ ಪೊಟ್ಟಣ, ಇನ್ನೊಂದರಲ್ಲಿ ತೆಳು ಕಾಗದದಲ್ಲಿ ಸುತ್ತಿದ ಟೀ ಶರ್ಟು. ಗಲ್ಲಿಯಲ್ಲಿ ನಿಂತಿದ್ದ ಬೈಕಿನ ಮೇಲೆ, ಅಂಗಡಿಗಳಿಗೆ ಹೊರಟಿದ್ದ ಅಂಥದೇ ಶರ್ಟುಗಳ ಮೂಟೆ.

ಮಾಯಾಂಗ್ ಕೂತಲ್ಲಿಂದ ಏಳಲಿಲ್ಲ. ಬಾಂಡುಂಗ್ ನಗರದಲ್ಲಿ ಪುಟ್ಟ ಲೇಬಲ್ಲುಗಳ, ಅಂದರೆ ಊರಿನ ಸಣ್ಣ ಕಂಪನಿಗಳ, ಶರ್ಟು ಕೊಳ್ಳುವವರು ಮೊದಲು ಅವಳ ವೀಡಿಯೊ ನೋಡುತ್ತಿದ್ದರು. ಉಳಿದವರು ಪೊಟ್ಟಣ ಬಿಚ್ಚಿದ ಕೂಡಲೇ ಹೊಗಳಲು ಶುರುಮಾಡಿದರೆ, ಅವಳು ಸ್ವಂತ ದುಡ್ಡಿನಲ್ಲಿ ಕೊಂಡು, ಐದು ಸಲ ಹಾಕಿ, ಅಜ್ಜಿ ನಿನಿಯ ಒಗೆಯುವ ಕಲ್ಲಿನ ಮೇಲೆ ಐದು ಸಲ ಒಗೆಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ರುಕ್ಮಾನನ ಲೇಬಲ್ಲಿನ ಶರ್ಟಿನ ಮೇಲೆ ಅಚ್ಚಾಗಿದ್ದ ಹುಲಿಗೆ ಮೂರನೆಯ ಒಗೆತಕ್ಕೆ ಮೀಸೆ ಹೋಗಿತ್ತು, ಐದನೆಯದಕ್ಕೆ ಎಡಗಣ್ಣು. ಅವಳು ಅಷ್ಟನ್ನೇ ಹೇಳಿದ್ದಳು. ಚಿತ್ರಕ್ಕೆ ಹತ್ತಕ್ಕೆ ಹತ್ತು, ಅಚ್ಚಿಗೆ ಎರಡು.

“ಮಾಡೋ ಕೆಲಸನಾ ನೆಂಗ್ ಇದು? ನಮ್ಮೂರೋರೇ ನಮ್ಮೂರೋರನ್ನ ಹೀಗೆ ಬೀದಿಗೆ ಎಳೆದ್ರೆ ದೊಡ್ಡ ಕಂಪನಿಯವರು ನಗಲ್ವಾ?” ಅವನು ಅವಳನ್ನು ತಂಗಿಯಂತೆ ನೆಂಗ್ ಎನ್ನುತ್ತಿದ್ದ, ಅವಳು ಅವನನ್ನು ಅಣ್ಣನಂತೆ ಕಾಂಗ್.

“ನಗ್ಲಿ ಬಿಡಿ ಕಾಂಗ್. ತಗೊಂಡೋರು ಅಳಬಾರದು ಅಷ್ಟೇ. ಅಚ್ಚು ಹಾಕಿದ ಮೇಲೆ ಬಣ್ಣ ಹಿಡಿಯೋ ಹಾಗೆ ಬಿಸಿ ಒತ್ತಿದ್ರಾ?”

“ಅಂಗಡಿಗಳಿಗೂ ಶನಿವಾರದ ಶರ್ಟ್ ಸಂತೆಗೂ ಸೇರಿ ಮುನ್ನೂರು ಬೇಕಿತ್ತು. ಒಂದೊಂದನ್ನೂ ಯಂತ್ರದ ಕೆಳಗಿಟ್ಟು ಒತ್ತುತ್ತಾ ಕೂತ್ರೆ ಮುಗೀತಿತ್ತಾ? ಈ ಮಳೇಲಿ ಬಿಸಿಲೂ ಇಲ್ಲ. ಫ್ಯಾನಿನ ಕೆಳಗೆ ಹರವಿದೆ. ಬೆರಳಿಗೆ ಅಂಟಲಿಲ್ಲ, ಒಣಗಿದೆ ಅಂದ್ಕೊಂಡೆ.” ಅವನು ಒಳಗೆ ಬಂದು ಚಾಪೆಯ ಮೇಲೆ ಕೂತು ದನಿ ತಗ್ಗಿಸಿದ. “ಹೋಗ್ಲಿ, ತೆಗೀಬೇಡ. ಮಾತು ಬದಲಾಯಿಸು. ಚಿತ್ರ ಚೆನ್ನಾಗಿಲ್ಲ ಅನ್ನು. ಚಿತ್ರ ಒಬ್ಬರಿಗೆ ಹಿಡಿಸುತ್ತೆ, ಇನ್ನೊಬ್ಬರಿಗೆ ಇಲ್ಲ, ಅದಕ್ಕೆ ಯಾರೂ ಶರ್ಟು ವಾಪಸ್ ತರಲ್ಲ. ಬಣ್ಣ ಉದುರುತ್ತೆ ಅಂದ್ರೆ ಮಾತ್ರ ತಂದು ಮುಖಕ್ಕೆ ಎಸೀತಾರೆ. ಗಾರುತ್‌ನ ಆ ಹುಡುಗಿಗೇನು, ಇನ್ನೊಂದು ಬರೀತಾಳೆ.”

ಆ ಹುಡುಗಿ ಈಯಮ್. ದರ್ಜಿಯ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಾ, ಹಾಳೆ ಚೂರುಗಳ ಹಿಂಬದಿಯಲ್ಲಿ ಚಿತ್ರ ಬರೆಯುತ್ತಿದ್ದವಳು. ಅವಳನ್ನು ಹುಡುಕಿ ತೆಗೆದು ರುಕ್ಮಾನನಿಗೆ ತೋರಿಸಿದವಳೇ ಮಾಯಾಂಗ್. ಘರ್ಜಿಸುವ ಹುಲಿಗಳು ಎಲ್ಲ ಅಂಗಡಿಯಲ್ಲೂ ತೂಗುತ್ತವೆ. ಈಯಮಳದು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಕರೆದ ನೆಂಟನಂತೆ ಮನೆಯೊಳಗೆ ಬರುತ್ತಿದ್ದ ಮುದಿ ಹುಲಿ. ಅದನ್ನು ಮೊದಲು ಕಂಡ ದಿನ ಮಾಯಾಂಗಳಿಗೆ ಚಿಕ್ಕಂದಿನಲ್ಲಿ ಹೊದಿಕೆಯೊಳಗೆ ಕೇಳಿದ ಕಥೆಗಳೆಲ್ಲ ಎದ್ದು ಬಂದಿದ್ದವು. ಆ ಕಥೆಗಳಲ್ಲಿ ನಿನಿ ಒಮ್ಮೆಯೂ ಹುಲಿ ಎಂದವಳಲ್ಲ, ಅಜ್ಜ ಎಂದೇ ಅನ್ನುತ್ತಿದ್ದಳು. ಇದು ಈಯಮಳ ಮೊದಲ ಶರ್ಟು. ಚಿತ್ರವೇ ಸರಿಯಿಲ್ಲ ಎಂದು ಮಾಯಾಂಗ್ ಅಂದರೆ ಇನ್ನು ಯಾವ ಲೇಬಲ್ಲೂ ಅವಳಿಗೆ ಬಾಗಿಲು ತೆರೆಯುವುದಿಲ್ಲ.

“ಅನ್ನಲ್ಲ ಅಂದ್ರೆ?”

“ಶನಿವಾರ ವೇದಿಕೆ ಹತ್ತಿ ವರ್ಷದ ಹತ್ತು ಶರ್ಟುಗಳ ಹೆಸರು ಹೇಳೋಳು ನೀನು. ಸಂತೆ ಸಮಿತಿಯ ಅಧ್ಯಕ್ಷ ನಾನು. ಬೇರೆಯವರು ಸಿಗ್ತಾರೆ ನನಗೆ.”

ಮೂರು ವರ್ಷ ಕಾದು ಸಿಕ್ಕಿದ್ದ ವೇದಿಕೆ. ಅಲ್ಲಿ ಎಲ್ಲಿ ನಿಲ್ಲಬೇಕು, ಯಾವ ಹೆಸರನ್ನು ಎಷ್ಟು ಎಳೆದು ಹೇಳಬೇಕು ಎಂದು ಬಟ್ಟೆ ಹಿಂಡುವಾಗಲೆಲ್ಲ ಮಾಯಾಂಗ್ ಕನಸು ಕಾಣುತ್ತಿದ್ದಳು.

ಹಿತ್ತಿಲ ಬಾಗಿಲಲ್ಲಿ ಅವನು ತಂದ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದ ನಿನಿ ಬೆರಳು ಚೀಪಿದಳು. “ಸುರಾಬಿ ಚೆನ್ನಾಗಿದೆಯಪ್ಪಾ. ಅಜ್ಜನ ಕಣ್ಣು ಉದುರಿಸೋ ಬಣ್ಣ ಚೆನ್ನಾಗಿಲ್ಲ.”

“ಎಲ್ಲೋ ಒಂದು ಹಾಗಾಗಿರುತ್ತೆ ನಿನಿ.” ಅವನು ತೆಳು ಕಾಗದದ ಕಟ್ಟನ್ನು ಮುಂದೆ ಚಾಚಿದ. “ತಗೋ ನೆಂಗ್, ಇದನ್ನ ಒಗೆದು ವೀಡಿಯೊ ಮಾಡು. ನೂರು ಸಲ ಒಗೆದ್ರೂ ಏನೂ ಆಗಲ್ಲ.”

“ಇದನ್ನ ಬಿಸಿ ಒತ್ತಿದ್ದೀರಾ?”

“ಎರಡು ಸಲ,” ಎಂದ ರುಕ್ಮಾನ ಹೆಮ್ಮೆಯಿಂದ. ಅಂದ ಮೇಲೆ ತುಟಿ ಕಚ್ಚಿಕೊಂಡ.

ಮಾಯಾಂಗ್ ಎದ್ದಳು. ಗಲ್ಲಿಗೆ ಹೋಗಿ ಬೈಕಿನ ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಸಿಕ್ಕಿದ ಒಂದನ್ನು ಎಳೆದು ತಂದಳು. ಕಿಟಕಿಯ ಸರಳಿಗೆ ಫೋನು ಸಿಕ್ಕಿಸಿ, ಹಿತ್ತಿಲ ಒಗೆಯುವ ಕಲ್ಲು ಕಾಣುವ ಹಾಗೆ ತಿರುಗಿಸಿ, ನೇರ ಪ್ರಸಾರದ ಗುಂಡಿ ಒತ್ತಿದಳು. ರುಕ್ಮಾನ ಏನಾಗುತ್ತಿದೆ ಎಂದು ಎದ್ದು ಬರುವಷ್ಟರಲ್ಲಿ ಅವನ ಮುಖವೂ ಪರದೆಯೊಳಗೆ ಬಂದಿತ್ತು.

“ಶನಿವಾರ ನಾನು ವೇದಿಕೆ ಮೇಲೆ ಇರಲ್ಲ,” ಎಂದಳು ಫೋನಿನ ಕಡೆ ನೋಡಿ. “ಅದಕ್ಕೆ ಇವತ್ತೇ ಹೇಳ್ತೀನಿ. ಈ ಚಿತ್ರ ಬರೆದವಳು ಗಾರುತ್‌ನ ಈಯಮ್. ಈ ವರ್ಷ ನಾನು ನೋಡಿದ್ದರಲ್ಲಿ ಇದಕ್ಕಿಂತ ಚೆಂದದ್ದು ಇಲ್ಲ. ಅಚ್ಚು ಉದುರಿದ್ದು ಎಲ್ಲೋ ಒಂದು ಶರ್ಟಿಗೆ ಮಾತ್ರ ಅಂತಾರೆ. ಇರಲಿ. ಅಚ್ಚು ಹಾಕಿದವರೇ ಬಂದಿದ್ದಾರೆ, ಶರ್ಟು ಅವರ ಮೂಟೆಯದೇ. ಅವರೇ ಒಗೆದು ತೋರಿಸ್ತಾರೆ.”

ಶರ್ಟನ್ನು ಕಲ್ಲಿನ ಮೇಲೆ ಹರವಿ, ಸಾಬೂನು ತಿಕ್ಕಿ, ಬ್ರಷ್ಷನ್ನು ಅವನ ಕೈಗಿಟ್ಟಳು. ನೋಡುವವರ ಸಂಖ್ಯೆ ಒಂದು ಸಾವಿರ ದಾಟಿತು, ಎರಡು ಸಾವಿರದ ಹತ್ತಿರ ಬಂತು. ರುಕ್ಮಾನ ಅಂಗಿಯ ತೋಳು ಮಡಚಿಕೊಂಡ. ಕುಕ್ಕರಗಾಲಿನಲ್ಲಿ ಕೂತ. ಬ್ರಷ್ಷು ಎತ್ತಿದ. ಎತ್ತಿದ ಕೈ ಶರ್ಟಿನಿಂದ ಒಂದು ಗೇಣು ಮೇಲೆ ನಿಂತೇಬಿಟ್ಟಿತು.

ನಿನಿ ಇನ್ನೊಂದು ಸುರಾಬಿ ಮುರಿದು ಬಾಯಿಗಿಟ್ಟುಕೊಂಡು ಕೇಳಿದಳು. “ಯಾಕಪ್ಪಾ, ನೀರು ತಣ್ಣಗಿದೆಯಾ?”